ಬ್ಯಾಸ್ಕೆಟ್ ಮೇಲೆಯೇ ನಿಂತುಬಿಟ್ಟರೆ? ಬೂಮ್ ಲಿಫ್ಟ್, ಸಿಸರ್ ಲಿಫ್ಟ್ ರಕ್ಷಣಾ ಯೋಜನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಕಡಕೊಳದ ಶೆಡ್‌ಗಳಲ್ಲಿ, ಮಂಡ್ಯ ಕಡೆ ತೂಬಿನಕೆರೆ, ಗೆಜ್ಜಲಗೆರೆಗಳಲ್ಲಿ ಏಣಿ, ಸಾರುವೆಗಳ ಜಾಗಕ್ಕೆ ಈಗ ಸಿಸರ್ ಲಿಫ್ಟು (ಕತ್ತರಿ ತೋಳುಗಳ ಮೇಲೆ ನೆಟ್ಟಗೆ ಏರುವ ಕಟ್ಟೆ), ಬೂಮ್ ಲಿಫ್ಟು (ಬೂಮ್ ಎಂಬ ಉದ್ದ ತೋಳಿನ ತುದಿಯಲ್ಲಿ ಆಳು ನಿಲ್ಲುವ ಬ್ಯಾಸ್ಕೆಟ್ ಇರುವ ಗಾಡಿ) ಬಂದಿವೆ. ಮೇಲೆ ಹೋಗುವುದನ್ನು ಎಲ್ಲರೂ ಬೇಗ ಕಲಿತರು. ಮೇಲಿದ್ದವನು ತಾನಾಗಿ ಇಳಿಯಲಾಗದಿದ್ದರೆ ಏನು ಮಾಡಬೇಕೆಂಬುದು ಮಾತ್ರ ಬಹಳ ಕಡೆ ಇನ್ನೂ ಬಾಯಿಮಾತಿನಲ್ಲೇ ಇದೆ. ಸೂಪರ್‌ವೈಸರುಗಳು, ಆಪರೇಟರುಗಳು, ಗುತ್ತಿಗೆದಾರರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು. ಗಾಡಿಯಿಂದ ಗಾಡಿಗೆ ಸ್ವಿಚ್ಚು, ಲಿವರುಗಳ ಜಾಗ ಬೇರೆಯಾಗುತ್ತದೆ; ಇಲ್ಲಿನ ಮಾತಿಗೂ ನಿಮ್ಮ ಗಾಡಿಯ ಕೈಪಿಡಿಗೂ ವ್ಯತ್ಯಾಸ ಕಂಡರೆ ಕೈಪಿಡಿ ಹೇಳಿದಂತೆ ನಡೆಯಿರಿ.

## ಮೊದಲು ತಿಳಿಯಬೇಕಾದದ್ದು

ಮೇಲೆ ಸಿಕ್ಕಾಕ್ಕೊಂಡ್ರೆ ಫೈರ್‌ನವ್ರಿಗೆ ಫೋನ್ ಮಾಡಿದ್ರೆ ಆಯ್ತಲ್ಲ, ಅದಕ್ಕೊಂದು ಪ್ಲಾನ್ ಯಾಕೆ?

ಅಗ್ನಿಶಾಮಕದವರನ್ನು ಕರೆಯಬೇಕಾದ ಸಂದರ್ಭಗಳಿವೆ. ಆದರೆ ಕರೆಯುವುದೊಂದೇ ಯೋಜನೆಯಾದರೆ ಅದು ಯೋಜನೆಯೇ ಅಲ್ಲ. ಅವರ ಗಾಡಿ ಗೇಟಿಗೆ ಬರಬೇಕು, ಒಳಗೆ ದಾರಿ ಇರಬೇಕು, ಏಣಿ ನಿಲ್ಲಿಸಲು ಗಟ್ಟಿ ನೆಲ ಬೇಕು. ಶೆಡ್ಡಿನ ಒಳಗೆ, ಕನ್ವೇಯರುಗಳ ನಡುವೆ ಅವರ ಏಣಿ ತಿರುಗುವುದೂ ಇಲ್ಲ. ಹಾರ್ನೆಸ್‌ನಲ್ಲಿ (ಬಿದ್ದರೆ ಹಿಡಿಯಲು ಮೈಗೆ ಕಟ್ಟುವ ಪಟ್ಟಿಗಳು) ನೇತಾಡುತ್ತಿರುವವನಿಗೆ, ಎದೆ ತೊಲೆಗೆ ಒತ್ತಿಕೊಂಡವನಿಗೆ ಅಷ್ಟು ಹೊತ್ತು ಉಳಿದಿರುವುದಿಲ್ಲ.

ಯೋಜನೆಯಲ್ಲಿ ಮೆಟ್ಟಿಲುಗಳಿವೆ. ಮೊದಲು ಮೇಲಿರುವವನು ತನ್ನ ಪ್ಯಾನೆಲಿನಿಂದ ಇಳಿಯಲು ನೋಡುವುದು. ಆಗದಿದ್ದರೆ ಕೆಳಗಿನವನು ನೆಲದ ಪ್ಯಾನೆಲಿನಿಂದ ಇಳಿಸುವುದು. ಅದೂ ಆಗದಿದ್ದರೆ ತುರ್ತು ಇಳಿಕೆಯ ಲಿವರು ಅಥವಾ ಎಂಜಿನ್ ನಿಂತಾಗ ಬ್ಯಾಟರಿಯಿಂದ ನಡೆಯುವ ಆಕ್ಸಿಲರಿ ಪಂಪು. ಆಮೇಲೆ ಇನ್ನೊಂದು ಲಿಫ್ಟು. ಇವೆಲ್ಲ ಮುಗಿದ ಮೇಲೆ 101 ಅಥವಾ 112. ಯಾರಿಗಾದರೂ ಪೆಟ್ಟಾಗಿದ್ದರೆ ಮಾತ್ರ ಫೋನು ಕೊನೆಗೆ ಉಳಿಯುವುದಿಲ್ಲ: ಒಬ್ಬ ಗಾಡಿ ಇಳಿಸುತ್ತಿರುವಾಗಲೇ ಇನ್ನೊಬ್ಬ 108ಕ್ಕೆ ಮಾಡಬೇಕು.

ಬೆಲ್ಟ್ ಹಾಕ್ಕೊಂಡಿದ್ದೀವಲ್ಲ, ಇನ್ನೇನು ಬೇಕು?

ಸೊಂಟದ ಬೆಲ್ಟನ್ನು ಮರೆತುಬಿಡಿ. ಐಎಸ್ 3521 (ಭಾರತೀಯ ಮಾನಕ) ಗುರುತಿನ ಪೂರ್ಣ ದೇಹದ ಹಾರ್ನೆಸ್ ಬೇಕು. ಅದರ ಹಗ್ಗದ ಉದ್ದ ಎಷ್ಟಿರಬೇಕೆಂದು ಕೇಳುವವರು ಕಡಿಮೆ. ಬೂಮ್ ಲಿಫ್ಟಿನಲ್ಲಿ ಅಪಾಯ ಬರುವುದು ಕವಣೆ ಕಲ್ಲಿನಂತೆ: ಚಕ್ರ ಗುಂಡಿಗೆ ಇಳಿದರೆ ಬೂಮ್ ಕುಲುಕಿ ಆಳನ್ನು ಬ್ಯಾಸ್ಕೆಟ್ಟಿನಿಂದ ಆಚೆಗೆ ಚಿಮ್ಮಿಸುತ್ತದೆ. ಆದ್ದರಿಂದ ಹಗ್ಗವನ್ನು ಕಂಬಿ ದಾಟಲಾಗದಷ್ಟು ಗಿಡ್ಡ ಮಾಡಿ ಬ್ಯಾಸ್ಕೆಟ್ಟಿನ ಕೊಂಡಿಗೇ ಹಾಕಬೇಕು. 1.8 ಮೀಟರ್ ಉದ್ದದ, ಆಘಾತ ತಡೆಯುವ ಹಗ್ಗ ಬಿದ್ದವನನ್ನು ನಿಲ್ಲಿಸುವ ಹೊತ್ತಿಗೆ ಕೆಳಗೆ ಸುಮಾರು 6 ಮೀಟರ್ ಖಾಲಿ ಜಾಗ ಬೇಕು. ನೀವು 5 ಮೀಟರ್ ಎತ್ತರದಲ್ಲಿ ಕೆಲಸ ಮಾಡುತ್ತಿದ್ದರೆ ಆ ಹಗ್ಗ ನೆಲ ಮುಟ್ಟಿದ ಮೇಲೆ ಹಿಡಿದುಕೊಳ್ಳುತ್ತದೆ.

ಗಿಡ್ಡ ಹಗ್ಗ ಹಾಕಿದವನು ಆಚೆಗೆ ಬೀಳುವುದೇ ಇಲ್ಲ. ರಕ್ಷಣೆಯ ಕೆಲಸಗಳಲ್ಲೆಲ್ಲ ಕಷ್ಟದ್ದು ನೇತಾಡುವವನನ್ನು ಇಳಿಸುವುದು. ಅದು ಅಲ್ಲಿಗೇ ತಪ್ಪಿತು. ಸಿಸರ್ ಲಿಫ್ಟಿನಲ್ಲಿ ಸುತ್ತಲ ಕಂಬಿಯೇ ಮುಖ್ಯ ರಕ್ಷಣೆ. ಅಲ್ಲಿ ಹಾರ್ನೆಸ್ ಬೇಕೇ ಎನ್ನುವುದನ್ನು ಕೈಪಿಡಿ ಮತ್ತು ಆ ಕೆಲಸದ ಅಪಾಯ ನೋಡಿ ತೀರ್ಮಾನಿಸಬೇಕು. ಯಾವ ಲಿಫ್ಟೇ ಆಗಲಿ, ಹಗ್ಗವನ್ನು ಹೊರಗಿನ ತೊಲೆಗೋ ಪೈಪಿಗೋ ಕಟ್ಟಿ ಕೆಲಸ ಮಾಡಬೇಡಿ. ಬ್ಯಾಸ್ಕೆಟ್ ಅಲುಗಿದರೆ ಹಗ್ಗ ನಿಮ್ಮನ್ನು ಕಂಬಿಯ ಮೇಲಿಂದ ಎಳೆದು ಹಾಕುತ್ತದೆ.

ಕೆಳಗೆ ಒಬ್ಬ ಸುಮ್ನೆ ನಿಂತಿರ್ಬೇಕಾ? ಒಂದು ಆಳಿನ ಕೂಲಿ ದಂಡ ಅಲ್ವಾ?

ರಕ್ಷಣಾ ಯೋಜನೆ ಎಂದರೆ ಮುಕ್ಕಾಲು ಪಾಲು ಈ ಒಬ್ಬನೇ. ಅವನು ಸುಮ್ಮನೆ ನಿಂತಿಲ್ಲ. ಬ್ಯಾಸ್ಕೆಟ್ ಕಣ್ಣಿಗೆ ಕಾಣುವ, ಕೂಗಿದರೆ ಕೇಳುವ, ನೆಲದ ಪ್ಯಾನೆಲಿಗೆ ಕೆಲವು ಸೆಕೆಂಡಿನಲ್ಲಿ ತಲುಪುವ ಜಾಗದಲ್ಲಿ ಇದ್ದಾನೆ. ಟೇಪು ಕಟ್ಟಿದ ಆವರಣದೊಳಗೆ ಯಾರೂ ನುಗ್ಗದಂತೆ ನೋಡಿಕೊಳ್ಳುವುದನ್ನು ಅವನಿಗೆ ವಹಿಸಬಹುದು. ಬೋಲ್ಟ್ ಎಣಿಸುವುದು, ಟೀ ತರುವುದು, ಪಕ್ಕದ ಲಿಫ್ಟಿಗೂ ಅವನನ್ನೇ ನೇಮಿಸುವುದು ಬೇಡ. ಗುತ್ತಿಗೆದಾರರು ಈ ಕೆಲಸಕ್ಕೆ ಅವತ್ತು ಹೊಸದಾಗಿ ಬಂದ ಹುಡುಗನನ್ನು ನಿಲ್ಲಿಸುತ್ತಾರೆ. ನಿಲ್ಲಿಸಬೇಕಾದವನು ಆ ಗಾಡಿಯನ್ನು ನೆಲದಿಂದ ಇಳಿಸಿ ತೋರಿಸಿದವನು.

ಭಾಷೆಯದೂ ಒಂದು ತೊಡಕು. ಪ್ಯಾನೆಲಿನ ಸ್ಟಿಕ್ಕರು ಇಂಗ್ಲಿಷಿನಲ್ಲಿ, ಆಪರೇಟರ್ ಮಳವಳ್ಳಿಯವನು, ಕೆಳಗಿನವನು ಬಿಹಾರದವನು. ಸ್ವಿಚ್ಚಿನ ಪಕ್ಕದಲ್ಲಿ ಬಾಣದ ಗುರುತು ಮತ್ತು ಇಬ್ಬರಿಗೂ ಅರ್ಥವಾಗುವ ಎರಡೆರಡು ಪದ ಅಂಟಿಸಲು ಹತ್ತು ನಿಮಿಷ ಸಾಕು. 'ನಿಲ್ಲಿಸು' ಎನ್ನುವುದಕ್ಕೆ ಒಂದೇ ಪದ, ಒಂದೇ ಕೈಸನ್ನೆ ಎಂದು ಬೆಳಗ್ಗೆಯೇ ಮಾತಾಡಿಕೊಳ್ಳಲಿ.

ಕೀ ಜೇಬಲ್ಲಿ ಇಟ್ಕೊಂಡೇ ಮೇಲೆ ಹೋಗ್ತೀವಿ. ಕೆಳಗೆ ಬಿಟ್ರೆ ಯಾರಾದ್ರೂ ಕೈ ಹಾಕಲ್ವಾ?

ಕೈ ಹಾಕಬಹುದು, ಭಯ ಸುಳ್ಳಲ್ಲ. ಆದರೆ ಬಹುಪಾಲು ಗಾಡಿಗಳಲ್ಲಿ ನೆಲದ ಪ್ಯಾನೆಲಿನ ಕೀಯೇ ಅಧಿಕಾರ ಮೇಲಿನವನಿಗೋ ಕೆಳಗಿನವನಿಗೋ ಎಂದು ಆರಿಸುವುದು. ಕೀಯನ್ನು 'ಪ್ಲಾಟ್‌ಫಾರ್ಮ್' ಕಡೆಗೆ ತಿರುಗಿಸಿ, ತೆಗೆದು ಜೇಬಿಗಿಳಿಸಿ ಮೇಲೆ ಹೋದ ಆಪರೇಟರ್ ತಲೆಸುತ್ತಿ ಬಿದ್ದ ಎಂದುಕೊಳ್ಳಿ. ಕೆಳಗಿನವನಿಗೆ ಗಾಡಿ ಕೊಡಬೇಕಾದ ಕೀ ಈಗ 12 ಮೀಟರ್ ಮೇಲಿದೆ. ಕೀ ಪ್ಯಾನೆಲಿನಲ್ಲೇ ಇರಬೇಕು, ಅದನ್ನು ಕಾಯಲು ಆಳು ಇರಬೇಕು. ಕೆಲಸ ಮುಗಿದು ಗಾಡಿ ಬಿಟ್ಟು ಹೋಗುವಾಗ ತೆಗೆದುಕೊಂಡು ಹೋಗಿ, ಅದು ಸರಿ.

ಪ್ಯಾನೆಲಿನ ಮುಚ್ಚಳಕ್ಕೆ ಬೀಗ ಹಾಕುವುದು, ಆ ಬದಿಯನ್ನೇ ಗೋಡೆಗೆ ತಾಗಿಸಿ ಗಾಡಿ ನಿಲ್ಲಿಸುವುದು ಇದೇ ತಪ್ಪಿನ ಬೇರೆ ರೂಪಗಳು. ಬೂಮ್ ತಿರುಗಿದಾಗ ಟರ್ನ್‌ಟೇಬಲ್ಲಿನ ಜೊತೆ ಪ್ಯಾನೆಲೂ ತಿರುಗುತ್ತದೆ. ಬೆಳಗ್ಗೆ ಕೈಗೆ ಸಿಗುತ್ತಿದ್ದದ್ದು ಮಧ್ಯಾಹ್ನ ರ‍್ಯಾಕಿನ ಹಿಂದೆ ಸೇರಿರುತ್ತದೆ.

## ಗಾಡಿ ನಿಂತಾಗ

ಮಧ್ಯದಲ್ಲೇ ಗಾಡಿ ಆಫ್ ಆಯ್ತು. ಮೊದಲು ಏನ್ ನೋಡ್ಬೇಕು?

ಆಳು ಕ್ಷೇಮವಾಗಿದ್ದರೆ ಆತುರ ಬೇಡ. ಕೆಟ್ಟಿದೆ ಎನ್ನುವ ಗಾಡಿಗಳಲ್ಲಿ ಎಷ್ಟೋ ಕೆಟ್ಟಿರುವುದಿಲ್ಲ, ತಾವಾಗಿಯೇ ತಡೆದು ನಿಂತಿರುತ್ತವೆ.

ಬ್ಯಾಸ್ಕೆಟ್ಟಿನ ಕೆಂಪು ಗುಂಡಿಗೆ ಮೊಣಕೈ ತಾಗಿ ಒತ್ತಿಹೋಗಿದೆಯೇ ನೋಡಿ. ಕೆಳಗಿನ ಕೆಂಪು ಗುಂಡಿಯನ್ನು ಯಾರಾದರೂ ಒತ್ತಿದ್ದಾರೆಯೇ ಕೇಳಿ. ಬೂಮ್ ಲಿಫ್ಟಿನ ಕಾಲು ಪೆಡಲನ್ನು ಒತ್ತಿ ಕೆಲವು ಸೆಕೆಂಡು ಯಾವ ಲಿವರೂ ಮುಟ್ಟದಿದ್ದರೆ (ಹಲವು ಮಾದರಿಗಳಲ್ಲಿ 7 ಸೆಕೆಂಡು) ಅದು ನಿಷ್ಕ್ರಿಯವಾಗುತ್ತದೆ. ಕಾಲೆತ್ತಿ ಮತ್ತೆ ಒತ್ತಿದರೆ ಜೀವ ಬರುತ್ತದೆ. ಬ್ಯಾಸ್ಕೆಟ್ಟಿನಲ್ಲಿ ಶೀಟು, ವೆಲ್ಡಿಂಗ್ ಸೆಟ್ಟು ತುಂಬಿದ್ದರೆ ತೂಕದ ಸೆನ್ಸರು ನಿಲ್ಲಿಸಿರುತ್ತದೆ. ಚಿಕ್ಕ ಸಿಸರ್ ಲಿಫ್ಟುಗಳಲ್ಲಿ ಅಡ್ಡ 1.5 ಡಿಗ್ರಿ, ಉದ್ದಕ್ಕೆ 3 ಡಿಗ್ರಿ ವಾಲಿದರೆ ಸಾಕು, ಬಜರು ಕೂಗಿ ಏರುವುದೂ ಓಡುವುದೂ ನಿಲ್ಲುತ್ತದೆ, ಇಳಿಯುವುದು ಮಾತ್ರ ನಡೆಯುತ್ತದೆ. ಆಗ ಇಳಿಯಿರಿ. ಸೆನ್ಸರಿನ ವೈರು ಕಿತ್ತು 'ಸರಿ ಮಾಡುವ' ಮೆಕ್ಯಾನಿಕ್ಕನ್ನು ಗೇಟಿನಿಂದಲೇ ವಾಪಸ್ ಕಳಿಸಿ.

ಚಕ್ರ ಹಳ್ಳಕ್ಕೆ ಇಳಿದರೆ ಗಾಡಿ ವಾಲದಂತೆ ಚಕ್ರದ ಬಳಿ ಇರುವ ತಡೆಪಟ್ಟಿಗೆ ಕಲ್ಲೋ ಮರದ ತುಂಡೋ ಸಿಕ್ಕಿದರೂ ಎತ್ತಿದ ಸಿಸರ್ ಮುಂದಕ್ಕೆ ಹೋಗುವುದಿಲ್ಲ. ಇವೆಲ್ಲ ಅಲ್ಲದಿದ್ದರೆ ಬ್ಯಾಟರಿ ಬರಿದಾಗಿದೆ ಅಥವಾ ಡೀಸೆಲ್ ಮುಗಿದಿದೆ.

ಸಿಸರ್ ಲಿಫ್ಟನ್ನ ಕೆಳಗಿಂದ ಇಳಿಸೋದು ಹೇಗೆ? ಕರೆಂಟೇ ಇಲ್ಲ ಅಂದ್ರೆ?

ಕರೆಂಟು ಬೇಡ. ಸಿಲಿಂಡರಿನಲ್ಲಿ ತಡೆಹಿಡಿದ ಎಣ್ಣೆಯನ್ನು ಬಿಟ್ಟರೆ ಪ್ಲಾಟ್‌ಫಾರ್ಮು ತನ್ನ ತೂಕಕ್ಕೇ ಇಳಿಯುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಷಾಸಿಯ ಹಿಂಬದಿ, ಏಣಿಯ ಹತ್ತಿರ ಕೆಂಪು ಹಿಡಿ ಇರುತ್ತದೆ. ಎಳೆದು ಹಿಡಿದಷ್ಟು ಹೊತ್ತು ಇಳಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ.

ಎಳೆಯುವ ಮುನ್ನ ಗಾಡಿಯನ್ನು ಒಂದು ಸುತ್ತು ಹಾಕಿ. ಮುಂದಕ್ಕೆ ಚಾಚಿದ ಡೆಕ್ಕಿನ ಅಡಿಯಲ್ಲಿ ರ‍್ಯಾಕು, ಪೈಪು, ಪ್ಯಾಲೆಟ್ಟು ಇದ್ದರೆ ಇಳಿಯುವಾಗ ಅದರ ಮೇಲೆ ಕೂತು ಇಡೀ ಗಾಡಿ ವಾಲುತ್ತದೆ. ಕತ್ತರಿ ತೋಳುಗಳ ನಡುವೆ ಕೈ ಹಾಕುವುದು ಎಂದಿಗೂ ಇಲ್ಲ. ಎಳೆದ ಕೂಡಲೇ ಇಳಿಯದಿದ್ದರೆ ಏನೋ ಅಡ್ಡ ಬಂದಿದೆ ಎಂದೇ ತಿಳಿಯಿರಿ. ಬಗ್ಗಿ ಒಳಗೆ ಇಣುಕಬೇಡಿ, ಅದು ಜಾರಿ ಬಿಡುವುದು ಆ ಗಳಿಗೆಯಲ್ಲೇ.

ಹಿಡಿಯ ಕೇಬಲ್ ತುಕ್ಕು ಹಿಡಿದು ಬಿಗಿದಿರುವುದು ಸಾಮಾನ್ಯ, ಅದರಲ್ಲೂ ಮಳೆಗೆ ನೆನೆದ, ತೊಳೆಯುವ ಜಾಗದಲ್ಲಿ ನಿಲ್ಲಿಸಿದ ಗಾಡಿಗಳಲ್ಲಿ. ಬೆಳಗ್ಗೆ ಒಂದು ಮೀಟರ್ ಎತ್ತಿ, ಹಿಡಿ ಎಳೆದು ನೋಡಿದರೆ ಗೊತ್ತಾಗುತ್ತದೆ. ಬ್ರೇಕ್ ಬಿಡಿಸುವ ಗುಂಡಿಯೂ ಅದರ ಆಸುಪಾಸಿನಲ್ಲೇ ಇರುವ ಮಾದರಿಗಳಿವೆ. ಅದು ಕೆಟ್ಟ ಗಾಡಿಯನ್ನು ತಳ್ಳಿಕೊಂಡು ಹೋಗಲು ಇರುವುದು. ಮೇಲೆ ಆಳಿರುವಾಗ ಅದನ್ನು ಒತ್ತಿದವನು ಚಕ್ರವನ್ನು ಸ್ವತಂತ್ರವಾಗಿ ಬಿಟ್ಟಂತೆ. ಎರಡಕ್ಕೂ ಬೇರೆ ಬೇರೆ ಬಣ್ಣದ ಚೀಟಿ ಅಂಟಿಸಿ.

ಬೂಮ್ ಲಿಫ್ಟಲ್ಲಿ ಯಾವುದನ್ನ ಮೊದಲು ಎಳೀಬೇಕು?

ಚಾಚಿದ್ದನ್ನು ಮೊದಲು ಒಳಗೆ ಎಳೆದುಕೊಳ್ಳಿ, ಆಮೇಲೆ ಇಳಿಸಿ. ಬೂಮ್ ನಿಗುರಿ ನಿಂತಿರುವಾಗ ಹಾಗೇ ಕೆಳಗಿಳಿಸಿದರೆ ಬ್ಯಾಸ್ಕೆಟ್ ಕಮಾನಿನಂತೆ ಹೊರಕ್ಕೆ ಬರುತ್ತದೆ. ಗಾಡಿಯ ನಡುವಿನಿಂದ ಬ್ಯಾಸ್ಕೆಟ್ಟಿಗೆ ಇರುವ ದೂರ ಹೆಚ್ಚಿದಷ್ಟೂ ಗಾಡಿ ಮಗುಚುವ ಅಪಾಯ ಹೆಚ್ಚು. ತುರ್ತು ಪಂಪಿನಲ್ಲಿ ಓಡಿಸುವಾಗ ಎಂದಿನ ರಕ್ಷಣಾ ಸೆನ್ಸರುಗಳೆಲ್ಲ ಕಾಯುತ್ತವೆ ಎಂದು ನಂಬಿಕೊಂಡಿರಬಾರದು.

ಉಕ್ಕಿನ ತೊಲೆಗಳ ನಡುವೆ ಬಳಸಿ ಒಳಗೆ ಹೋದ ಬ್ಯಾಸ್ಕೆಟ್ಟಿಗೆ ಈ ನಿಯಮವೊಂದೇ ಸಾಲದು. ಹೋದ ದಾರಿಯನ್ನೇ ಹಿಂದುಮುಂದಾಗಿ ನಡೆಸಬೇಕು: ಕೊನೆಗೆ ಮಾಡಿದ ಚಲನೆ ಮೊದಲು ವಾಪಸ್. ಅದಕ್ಕೇ ಕೆಳಗಿನವನು ಬ್ಯಾಸ್ಕೆಟ್ ಹೋಗುವುದನ್ನು ನೋಡಿರಬೇಕು. ಕಂಬದ ಹಿಂದೆ ಕೂತು ಫೋನು ನೋಡುತ್ತಿದ್ದವನಿಗೆ ಆ ದಾರಿ ಗೊತ್ತಿರುವುದಿಲ್ಲ.

ಎಂಜಿನ್ ನಿಂತಾಗ ಬಳಸುವ ಆಕ್ಸಿಲರಿ ಪಂಪು ಡೀಸೆಲ್ ಬೂಮ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್ ಬ್ಯಾಟರಿಯಿಂದ ನಡೆಯುತ್ತದೆ. ಎಂಜಿನ್ ಸ್ಟಾರ್ಟ್ ಮಾಡುವುದೂ ಅದೇ ಬ್ಯಾಟರಿಯಾಗಿದ್ದರೆ, ಸೆಲ್ಫ್ ಹೊಡೆದು ಹೊಡೆದು ಅದನ್ನು ಬರಿದು ಮಾಡಿದವನಿಗೆ ಇಳಿಯುವ ದಾರಿಯೂ ಮುಚ್ಚುತ್ತದೆ. ಮೂರು ಸಲಕ್ಕೆ ಸ್ಟಾರ್ಟ್ ಆಗಲಿಲ್ಲವೇ, ಬಿಡಿ, ಇಳಿಸುವ ಕೆಲಸ ನೋಡಿ. ಪಂಪಿನಲ್ಲಿ ಒಂದು ಹೊತ್ತಿಗೆ ಒಂದೇ ಚಲನೆ ಮಾಡಿ. ನಿಧಾನವಾಗಿ ಹೋಗುತ್ತದೆ, ಕೆಟ್ಟಿದೆ ಎಂದುಕೊಳ್ಳಬೇಡಿ.

ಏನೂ ಕೆಲಸ ಮಾಡ್ತಿಲ್ಲ. ಜೆಸಿಬಿ ಬಕೆಟ್ಟೋ ಫೋರ್ಕ್‌ಲಿಫ್ಟೋ ತಂದು ಇಳಿಸ್ಬಹುದಾ? ಬೂಮ್ ಮೇಲೇ ನಡ್ಕೊಂಡು ಇಳಿದ್ರೆ?

ಮೂರೂ ಬೇಡ. ಜೆಸಿಬಿ ಬಕೆಟ್ಟು ಮಣ್ಣು ಸುರಿಯಲು ಬಾಗುವಂತೆ ಮಾಡಿದ್ದು. ಫೋರ್ಕಿನ ಮೇಲಿನ ಪ್ಯಾಲೆಟ್ಟು ಜಾರುತ್ತದೆ. ಬೂಮ್ ಎಣ್ಣೆ, ಗ್ರೀಸು ಹತ್ತಿದ ಓರೆಯಾದ ಕಬ್ಬಿಣ, ಹಿಡಿಯಲು ಏನೂ ಇಲ್ಲ. ಮೇಲಿರುವವನಿಗೆ ನೀರಡಿಕೆ, ಬಿಸಿಲು ಬಿಟ್ಟರೆ ಬೇರೆ ತೊಂದರೆ ಇಲ್ಲದಿದ್ದರೆ ಅವನು ಬ್ಯಾಸ್ಕೆಟ್ಟಿನಲ್ಲೇ ಕೂತಿರುವುದು ಅತ್ಯಂತ ಕ್ಷೇಮ. ಹಗ್ಗದಲ್ಲಿ ಒಂದು ನೀರಿನ ಬಾಟಲಿ ಮೇಲೆ ಕಳಿಸಿ, ಮೆಕ್ಯಾನಿಕ್ಕಿಗೆ ಕಾಯಿರಿ.

ಇನ್ನೊಂದು ಲಿಫ್ಟ್ ತಂದು ಪಕ್ಕಕ್ಕೆ ನಿಲ್ಲಿಸಿ ದಾಟಿಸೋದು ಸರೀನಾ?

ಸರಿ, ಆದರೆ ಲೆಕ್ಕ ಹಾಕಿ. ಸಾಮಾನ್ಯ ಬೂಮ್ ಬ್ಯಾಸ್ಕೆಟ್ಟಿನ ಮಿತಿ 230 ಕಿಲೋ. ರಕ್ಷಿಸಲು ಇಬ್ಬರು ಹೋಗಿ ಮೂರನೆಯವನನ್ನು ಹತ್ತಿಸಿಕೊಂಡರೆ, ತಲಾ 80 ಕಿಲೋದಂತೆ 240 ಆಯಿತು. ತೂಕದ ಸೆನ್ಸರು ಎರಡನೇ ಗಾಡಿಯನ್ನೂ ನಿಲ್ಲಿಸುತ್ತದೆ. ಮೇಲೆ ಈಗ ಒಬ್ಬನ ಬದಲು ಮೂವರು. ಸಿಕ್ಕಿಕೊಂಡವನು ಸ್ವಸ್ಥನಾಗಿದ್ದರೆ ಒಬ್ಬನೇ ಆಪರೇಟರ್ ಹೋಗಲಿ. ಅಸ್ವಸ್ಥನಿದ್ದರೆ ಹೆಚ್ಚು ತೂಕ ಹೊರುವ ಬ್ಯಾಸ್ಕೆಟ್ ಬೇಕು.

ಎರಡು ಬ್ಯಾಸ್ಕೆಟ್ಟುಗಳನ್ನು ಒಂದೇ ಮಟ್ಟಕ್ಕೆ, ನಡುವೆ ಕಾಲು ತೂರದಷ್ಟು ಹತ್ತಿರ ತನ್ನಿ. ಒಂದರ ಮೇಲೊಂದು ಒರಗಬಾರದು. ಎರಡರ ಕೆಂಪು ಗುಂಡಿಯನ್ನೂ ಒತ್ತಿ. ದಾಟುವವನ ಹಾರ್ನೆಸ್ಸಿಗೆ ರಕ್ಷಣಾ ಬ್ಯಾಸ್ಕೆಟ್ಟಿನ ಹಗ್ಗವನ್ನು ಮೊದಲು ಹಾಕಿ, ಆಮೇಲೆ ಹಳೆಯದನ್ನು ಬಿಚ್ಚಿ. ಗೇಟಿನಿಂದ ಗೇಟಿಗೆ ದಾಟಲಿ. ಆ ಗಳಿಗೆಯಲ್ಲಿ ಹಳೆಯ ಬ್ಯಾಸ್ಕೆಟ್ 80 ಕಿಲೋ ಹಗುರಾಗಿ ಮೇಲಕ್ಕೆ ಚಿಮ್ಮುತ್ತದೆ, ಹೊಸದು ತಗ್ಗುತ್ತದೆ. ಮೊದಲೇ ಹೇಳದಿದ್ದರೆ ದಾಟುವವನು ಗಾಬರಿಯಾಗುತ್ತಾನೆ.

ಆ ಎರಡನೇ ಲಿಫ್ಟು ಎಲ್ಲಿದೆ ಎನ್ನುವುದು ಯೋಜನೆಯಲ್ಲಿ ಬರೆದಿರಬೇಕು. ಬೆಂಗಳೂರಿನಿಂದ ಟ್ರೇಲರಿನ ಮೇಲೆ ಬರಬೇಕಾದರೆ ಲೋಡಿಂಗು, ಪ್ರಯಾಣ, ಅನ್‌ಲೋಡಿಂಗು ಸೇರಿ ಅರ್ಧ ದಿನ ಹೋಯಿತು. ಅದೇ ಕೈಗಾರಿಕಾ ಪ್ರದೇಶದಲ್ಲಿ ಯಾರ ಬಳಿ ಎಷ್ಟು ಎತ್ತರದ್ದು ಇದೆ ಎಂದು ಮೊದಲೇ ವಿಚಾರಿಸಿಡಿ. ಅದು ನಿಲ್ಲುವ ನೆಲವನ್ನೂ ನೋಡಿ: ನಾಲೆ ಬಯಲಿನ ಮೆತ್ತನೆ ಮಣ್ಣಿನಲ್ಲಿ, ಕಬ್ಬಿನ ಯಾರ್ಡಿನ ರೌದಿ (ಒಣ ಸೋಗೆ) ಹಾಸಿನ ಮೇಲೆ ಒಂದು ಲಿಫ್ಟು ಹೂತುಕೊಂಡ ಜಾಗದಲ್ಲಿ ಇನ್ನೊಂದೂ ಹೂತುಕೊಳ್ಳುತ್ತದೆ.

## ಮನುಷ್ಯನಿಗೆ ಅಪಾಯ ಬಂದಾಗ

ಆಪರೇಟರ್ ತೊಲೆಗೂ ಪ್ಯಾನೆಲ್ಗೂ ಮಧ್ಯೆ ಸಿಕ್ಕಾಕ್ಕೊಂಡ. ಕೂಡ್ಲೇ ಇಳಿಸ್ಬಿಡೋದಾ?

ಕೂಡಲೇ ಮಾಡಬೇಕಾದದ್ದು ನಿಲ್ಲಿಸುವುದು. ಬೆನ್ನಿಗೆ ತೊಲೆ ತಾಗಿ ಮುಂದಕ್ಕೆ ಬಾಗಿದವನ ಎದೆ ಲಿವರಿನ ಮೇಲೆ ಒರಗಿರುತ್ತದೆ, ಕಾಲು ಪೆಡಲಿನ ಮೇಲೇ ಇರುತ್ತದೆ. ಅಂದರೆ ಅವನ ತೂಕವೇ ಗಾಡಿಯನ್ನು ಇನ್ನೂ ಮೇಲಕ್ಕೆ ಒತ್ತುತ್ತಿದೆ. ಕೀಯನ್ನು 'ಗ್ರೌಂಡ್'ಗೆ ತಿರುಗಿಸಿದರೆ ಮೇಲಿನ ಪ್ಯಾನೆಲಿನ ಅಧಿಕಾರ ಹೋಗುತ್ತದೆ. ಅದು ಮೊದಲ ಕೆಲಸ.

ಈಗ ಒಂದು ಉಸಿರು ಎಳೆದುಕೊಂಡು ನೋಡಿ: ಯಾವ ಚಲನೆಯಿಂದ ಸಿಕ್ಕಿಕೊಂಡ? ಅದರ ವಿರುದ್ಧ ದಿಕ್ಕಿಗೆ ಬೆರಳಗಲ ಸರಿಸಿ, ನಿಲ್ಲಿಸಿ, ಮತ್ತೆ ನೋಡಿ. 'ಇಳಿಸು, ಇಳಿಸು' ಎಂದು ಸುತ್ತಲಿನವರು ಕೂಗುತ್ತಾರೆ. ಬೂಮ್ ಇಳಿಯುವುದು ಕಮಾನಿನ ದಾರಿಯಲ್ಲಿ. ಕೆಳಗೆ ಬರುತ್ತಾ ಬ್ಯಾಸ್ಕೆಟ್ ಹೊರಕ್ಕೂ ಸರಿಯುತ್ತದೆ. ತೊಲೆಯ ಆಚೆ ಬದಿಯಲ್ಲಿ ತಲೆ ಇದ್ದವನನ್ನು ಆ ಚಲನೆ ಇನ್ನಷ್ಟು ಜಜ್ಜಬಹುದು. ಗಾಡಿ ಓಡಿಸುವಾಗ ಸಿಕ್ಕಿಕೊಂಡಿದ್ದರೆ ಇನ್ನೊಂದು ಮೋಸವಿದೆ: ಬೂಮ್ ಹಿಂಚಕ್ರದ ಆಚೆಗೆ ತಿರುಗಿದ್ದಾಗ ಮುಂದಕ್ಕೆ–ಹಿಂದಕ್ಕೆ ಅದಲು ಬದಲಾಗುತ್ತದೆ. ಷಾಸಿಯ ಬಾಣದ ಬಣ್ಣ ನೋಡದೆ ಲಿವರ್ ಮುಟ್ಟಬಾರದು.

ಪ್ಯಾನೆಲಿನ ಮುಂದೆ ಒತ್ತಿದೊಡನೆ ಗಾಡಿ ನಿಲ್ಲಿಸುವ ಅಡ್ಡಪಟ್ಟಿ ಇರುವ ಬೂಮ್‌ಗಳು ಬಾಡಿಗೆಗೆ ಸಿಗುತ್ತವೆ. ತೊಲೆಗಳ ನಡುವಿನ ಕೆಲಸಕ್ಕೆ ಅದನ್ನೇ ಕೇಳಿ ಪಡೆಯಿರಿ.

ಹಾರ್ನೆಸ್ಸಲ್ಲಿ ನೇತಾಡ್ತಿದಾನೆ. ಮೇಲಕ್ಕೆ ಎಳ್ಕೊಳ್ಳೋದಾ, ಹಗ್ಗ ಕತ್ತರಿಸೋದಾ?

ಎರಡೂ ಅಲ್ಲ. 80 ಕಿಲೋ ಆಳನ್ನು ಬ್ಯಾಸ್ಕೆಟ್ಟಿನಲ್ಲಿರುವ ಇನ್ನೊಬ್ಬ ಕೈಯಿಂದ ಎಳೆದುಕೊಳ್ಳಲಾರ. ಪ್ರಯತ್ನಿಸಿದರೆ ಅವನೂ ಕಂಬಿಯಾಚೆ ಬಾಗುತ್ತಾನೆ. ಕೆಳಗಿನವನು ಬ್ಯಾಸ್ಕೆಟ್ಟನ್ನೇ ಮೆಲ್ಲಗೆ ಇಳಿಸುತ್ತಾ ಅವನ ಕಾಲು ನೆಲ ಮುಟ್ಟುವವರೆಗೆ ತರಬೇಕು. ದಾರಿಯಲ್ಲಿ ತೊಲೆ, ಯಂತ್ರ ಇದ್ದರೆ ಮೊದಲು ಬದಿಗೆ ತಿರುಗಿಸಿ. ಕೊನೆಯ ಎರಡು ಮೀಟರಿನಲ್ಲಿ ಇಬ್ಬರು ಅವನನ್ನು ಹಿಡಿದುಕೊಂಡು ಪಕ್ಕಕ್ಕೆ ಎಳೆದುಕೊಳ್ಳಲಿ. ಇಲ್ಲದಿದ್ದರೆ ಬ್ಯಾಸ್ಕೆಟ್ ಅವನ ಮೇಲೇ ಬಂದು ಕೂರುತ್ತದೆ. ತೂಕವೆಲ್ಲ ಕೈಗೆ ಬಂದ ಮೇಲೆ ಹಗ್ಗ ಬಿಚ್ಚಿ.

ಅಲುಗಾಡದೆ ನೇತಾಡುವವನ ಕಾಲುಗಳಲ್ಲಿ ರಕ್ತ ನಿಂತು ಮೆದುಳಿಗೆ ಹೋಗುವುದು ಕಡಿಮೆಯಾಗುತ್ತದೆ. ಕೆಲವೇ ನಿಮಿಷಕ್ಕೆ ತಲೆಸುತ್ತು, ಬೆವರು. ಅರ್ಧ ಗಂಟೆಯೊಳಗೆ ಪ್ರಾಣಕ್ಕೇ ಕುತ್ತು ಬರಬಹುದು. ಎಚ್ಚರವಿದ್ದರೆ ಕಾಲು ಆಡಿಸುತ್ತಿರಲು ಹೇಳಿ. ಹಾರ್ನೆಸ್ಸಿನ ಬದಿಯಲ್ಲಿ ಪುಟ್ಟ ಚೀಲದಂತೆ ಮಡಿಸಿಟ್ಟ ಪಟ್ಟಿಗಳಿದ್ದರೆ ಅವನ್ನು ಬಿಚ್ಚಿ ಪಾದ ಊರಿ ನಿಂತುಕೊಳ್ಳಲಿ.

ಇಳಿಸಿದ ಮೇಲೆ 'ಮಲಗಿಸಬಾರದು, ಅರ್ಧ ಗಂಟೆ ಕೂರಿಸಿಯೇ ಇಡಬೇಕು' ಎಂದು ಹಳೆಯ ತರಬೇತಿಗಳಲ್ಲಿ ಹೇಳುತ್ತಿದ್ದರು. ಅದಕ್ಕೆ ಆಧಾರವಿಲ್ಲವೆಂದು ಬ್ರಿಟನ್ನಿನ ಸುರಕ್ಷತಾ ಇಲಾಖೆ 2009ರಲ್ಲಿ ಪರಿಶೀಲಿಸಿ ಹೇಳಿದೆ. ಮಲಗಿಸಿ, ಉಸಿರು ನೋಡಿ, ಎಂದಿನ ಪ್ರಥಮ ಚಿಕಿತ್ಸೆ ಮಾಡಿ. ಎದ್ದು ಓಡಾಡಿದರೂ ಆಸ್ಪತ್ರೆಗೆ ಕಳಿಸಿ.

ಬ್ಯಾಸ್ಕೆಟ್ ಕರೆಂಟ್ ಲೈನ್‌ಗೆ ತಗುಲ್ತು. ಕೆಳಗಿಂದ ಇಳಿಸ್ಬಹುದಲ್ಲ?

ಮುಟ್ಟಬೇಡಿ. ಕೆಳಗಿನವನು ಕೈಕಟ್ಟಿ ನಿಲ್ಲಬೇಕಾದ ಒಂದೇ ಸಂದರ್ಭ ಇದು. ಗಾಡಿ ಪೂರ್ತಿ ವಿದ್ಯುತ್ತಿನಲ್ಲಿದೆ, ಸುತ್ತಲಿನ ನೆಲವೂ ಕೂಡ. 10 ಮೀಟರ್ ದೂರ ಎಲ್ಲರನ್ನೂ ಸರಿಸಿ, ಮೇಲಿರುವವನಿಗೆ ಕೂಗಿ ಹೇಳಿ: ಬ್ಯಾಸ್ಕೆಟ್ಟಿನಲ್ಲೇ ಇರು. ಅವನು ತನ್ನ ಲಿವರಿನಿಂದ ಲೈನಿನಿಂದ ದೂರ ಸರಿಯಲಾಗುವುದಾದರೆ ಸರಿಯಲಿ. ಈ ಭಾಗದ ವಿದ್ಯುತ್ ಕಂಪನಿ ಸೆಸ್ಕ್‌ನ 1912ಕ್ಕೆ ಫೋನ್ ಮಾಡಿ. ಕಂಬದ ಅಥವಾ ಟ್ರಾನ್ಸ್‌ಫಾರ್ಮರಿನ ನಂಬರು ಹೇಳಿದರೆ ಅವರಿಗೆ ಫೀಡರು ಬೇಗ ಸಿಗುತ್ತದೆ. ಕೆಲಸ ಶುರುವಿಗೆ ಮುಂಚೆ ಆ ನಂಬರನ್ನು ಯೋಜನೆಯ ಹಾಳೆಗೆ ಬರೆದುಕೊಂಡಿರಿ.

'ಢಂ' ಎಂದು ಸದ್ದಾಗಿ ಕರೆಂಟು ಹೋದರೆ ಲೈನು ಸತ್ತಿತೆಂದು ಅರ್ಥವಲ್ಲ. ಸಬ್‌ಸ್ಟೇಷನ್ನಿನವರಿಗೆ ನಿಮ್ಮ ವಿಷಯ ಗೊತ್ತಿಲ್ಲ. ಟ್ರಿಪ್ ಆದ 11 ಕೆವಿ ಲೈನನ್ನು ಮತ್ತೆ ಚಾರ್ಜ್ ಮಾಡಿ ನೋಡಬಹುದು. ಲೈನ್ ಆಫ್ ಮಾಡಿ ಅರ್ಥ್ ಮಾಡಿದ್ದೇವೆ ಎಂದು ಅವರು ಸ್ಥಳದಲ್ಲಿ ಖಚಿತವಾಗಿ ಹೇಳುವವರೆಗೆ ಗಾಡಿ ಮುಟ್ಟುವಂತಿಲ್ಲ. ಗಾಡಿಗೆ ಬೆಂಕಿ ಹತ್ತಿ, ಬ್ಯಾಸ್ಕೆಟ್ ನೆಲದ ಹತ್ತಿರವೇ ಇದ್ದರೆ ಮಾತ್ರ ನೆಗೆಯಬೇಕು: ಎರಡೂ ಕಾಲು ಜೋಡಿಸಿ, ಗಾಡಿಯನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ. ಆಮೇಲೆ ಪಾದಗಳನ್ನು ಒಂದಕ್ಕೊಂದು ತಾಗಿಸಿಕೊಂಡೇ ತೆವಳುನಡೆಯಲ್ಲಿ ದೂರ ಹೋಗಬೇಕು.

ಹೆಜ್ಜೇನು ಎದ್ರೆ?

ಹೊರಗಿನ ದೇಶದ ಕೈಪಿಡಿಗಳಲ್ಲಿ ಈ ಪ್ರಶ್ನೆ ಇರುವುದಿಲ್ಲ. ನಮ್ಮಲ್ಲಿ ಓವರ್‌ಹೆಡ್ ಟ್ಯಾಂಕಿನ ಅಡಿ, ದೊಡ್ಡ ಕಟ್ಟಡಗಳ ಸೂರು, ಮಳೆಮರದ ಕೊಂಬೆ, ಅಂದರೆ ಬ್ಯಾಸ್ಕೆಟ್ ಹೋಗುವ ಜಾಗದಲ್ಲೇ ಹೆಜ್ಜೇನು ಕಟ್ಟುವುದು. ಡ್ರಿಲ್ಲಿನ ನಡುಕ, ಹೊಗೆ, ಕೊಂಬೆಯ ಅಲುಗಾಟ ಸಾಕು. ಎದ್ದರೆ ಮೇಲಿರುವವನಿಗೆ ಓಡಲು ಜಾಗವಿಲ್ಲ. ಕೆಳಗಿನವನಿಗೆ ಜಾಗವಿದೆ, ಅವನು ಓಡುತ್ತಾನೆ. ಆ ಕ್ಷಣಕ್ಕೆ ರಕ್ಷಣಾ ಯೋಜನೆಯೇ ಓಡಿಹೋಯಿತು.

ಆದ್ದರಿಂದ ಹಿಂದಿನ ದಿನವೇ ದುರ್ಬೀನಿನಲ್ಲಿ ನೋಡಿ. ಗೂಡಿದ್ದರೆ ಬಲ್ಲವರಿಂದ ತೆರವು ಮಾಡಿಸಿ, ಆಮೇಲೆ ಲಿಫ್ಟು. ಅನುಮಾನದ ಜಾಗದಲ್ಲಿ ಬ್ಯಾಸ್ಕೆಟ್ಟಿನಲ್ಲಿ ತಲೆಗೊಂದರಂತೆ ಬಲೆಯ ಮುಸುಕು, ನೆಲದ ಪ್ಯಾನೆಲಿನ ಪಕ್ಕದ ಚೀಲದಲ್ಲಿ ಇನ್ನೊಂದು ಮುಸುಕು ಮತ್ತು ಉದ್ದ ತೋಳಿನ ದಪ್ಪ ಅಂಗಿ. ಎದ್ದಾಗ ಮೇಲಿನವನು ಮುಸುಕು ಹಾಕಿಕೊಂಡು ತಾನೇ ಇಳಿಯಲು ನೋಡಲಿ. ಕೆಳಗಿನವನು ಮುಸುಕು ಹಾಕಿಕೊಂಡು ಪ್ಯಾನೆಲಿಗೆ ಬರಲಿ. ಹಾರ್ನೆಸ್ ಬಿಚ್ಚಿ ನೆಗೆಯಬಾರದು. ಮುಖ ಊದಿದರೆ, ಉಸಿರು ಕಟ್ಟಿದರೆ ಕಾಯದೆ 108.

## ಕಾಗದ, ಅಭ್ಯಾಸ, ಕಾನೂನು

ಪ್ಲಾನ್ ಕಾಗದದಲ್ಲಿ ಏನ್ ಬರೀಬೇಕು? ನೆಟ್ಟಲ್ಲಿ 14 ಪುಟದ್ದು ಸಿಕ್ತು.

ಹದಿನಾಲ್ಕು ಪುಟವನ್ನು ಫೈಲಿನಲ್ಲಿಡಿ. ಗಾಡಿಗೆ ಅಂಟಿಸುವುದು ಒಂದೇ ಹಾಳೆ, ಆ ದಿನದ್ದು, ಆ ಜಾಗದ್ದು. ಮಾದರಿಗೆ:

*ಶೆಡ್ 3, ಉತ್ತರ ಗೋಡೆ, ಗಟರ್ ರಿಪೇರಿ. 14 ಮೀಟರ್ ಡೀಸೆಲ್ ಬೂಮ್. ಮೇಲೆ ಇಬ್ಬರು. ಕೆಳಗೆ: (ಹೆಸರು), ಊಟಕ್ಕೆ ಹೋದಾಗ ಬದಲಿ: (ಹೆಸರು). ಬದಲಿ ಇಲ್ಲದಿದ್ದರೆ ಬ್ಯಾಸ್ಕೆಟ್ ನೆಲದಲ್ಲಿ. ಕೀ ಪ್ಯಾನೆಲಿನಲ್ಲಿ. ಪಂಪಿನ ಸ್ವಿಚ್ಚು: ಪ್ಯಾನೆಲಿನ ಎಡಗಡೆ ಮೇಲೆ, ಬೆಳಗ್ಗೆ ಪರೀಕ್ಷೆ ಆಯಿತು. ಎರಡನೇ ಲಿಫ್ಟು: ಪಕ್ಕದ ಕಾರ್ಖಾನೆಯ ಸ್ಟೋರು, ಒಪ್ಪಿಗೆ ಪಡೆದಿದೆ, ಫೋನು. ಬರುವ ದಾರಿ: 2ನೇ ಗೇಟು, ಲಾರಿ ನಿಲ್ಲಿಸಬಾರದು. ಲೈನು: ದಕ್ಷಿಣಕ್ಕೆ 11 ಕೆವಿ, ಕಂಬದ ನಂಬರು. ಆಂಬುಲೆನ್ಸಿಗೆ ಗುರುತು ಹೇಳುವ ಮಾತು: …*

ಕೊನೆಯ ಸಾಲನ್ನು ಹೆಚ್ಚಿನವರು ಬಿಡುತ್ತಾರೆ. ಗಾಬರಿಯಲ್ಲಿ 'ಇಂಡಸ್ಟ್ರಿಯಲ್ ಏರಿಯಾ ಸಾರ್, ದೊಡ್ಡ ಶೆಡ್ಡು' ಎಂದರೆ ಹೆಬ್ಬಾಳದಲ್ಲಿ ಎಲ್ಲವೂ ದೊಡ್ಡ ಶೆಡ್ಡೇ.

ಡ್ರಿಲ್ ಎಷ್ಟು ದಿನಕ್ಕೊಮ್ಮೆ ಮಾಡ್ಬೇಕು?

ಹೊಸ ಗಾಡಿ, ಹೊಸ ಜಾಗ, ಹೊಸ ಕೆಳಗಿನವನು: ಈ ಮೂರರಲ್ಲಿ ಯಾವುದು ಬದಲಾದರೂ ಆ ದಿನವೇ. ಎರಡು ಮೀಟರ್ ಎತ್ತಿ, ಮೇಲಿನವನು ಕೈಕಟ್ಟಿ ನಿಲ್ಲಲಿ. ಕೆಳಗಿನವನು ಒಮ್ಮೆ ನೆಲದ ಪ್ಯಾನೆಲಿನಿಂದ, ಒಮ್ಮೆ ಎಂಜಿನ್ ಆಫ್ ಮಾಡಿ ಪಂಪಿನಿಂದ ಇಳಿಸಲಿ. ಐದು ನಿಮಿಷದ ಕೆಲಸ. ಒಂದು ಸಲವಾದರೂ ಪೂರ್ತಿ ಎತ್ತರದಿಂದ, ಮೇಲೆ ಆಳಿಲ್ಲದೆ, ಪಂಪಿನಲ್ಲಿ ಇಳಿಸಿ ಗಡಿಯಾರ ನೋಡಿ. ಎಷ್ಟು ನಿಮಿಷ ಬಂತೋ ಅದನ್ನು ಹಾಳೆಯಲ್ಲಿ ಬರೆಯಿರಿ.

ಇದಕ್ಕೆಲ್ಲ ಕಾನೂನು ಇದೆಯಾ, ಇಲ್ಲ ಕಂಪನಿಯೋರ ರೂಲ್ಸಾ?

ಬೀಳುವ ಅಪಾಯವಿರುವ ಎತ್ತರದಲ್ಲಿ ಕೆಲಸ ಮಾಡುವವರಿಗೆ ರಕ್ಷಣೆ ಕೊಡಬೇಕೆಂಬುದು 1948ರ ಕಾರ್ಖಾನೆ ಕಾಯ್ದೆಯ 32ನೇ ಸೆಕ್ಷನ್ನಿನಲ್ಲೇ ಇತ್ತು. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯಡಿ ಬಂದ 1998ರ ಕೇಂದ್ರ ನಿಯಮಗಳು 500ಕ್ಕಿಂತ ಹೆಚ್ಚು ಕಾರ್ಮಿಕರಿರುವ ಸೈಟಿಗೆ ತುರ್ತು ಕ್ರಮದ ಯೋಜನೆ ಬೇಕೆಂದವು. ಎತ್ತುವ ಯಂತ್ರ ಕುಸಿಯುವುದು ಆ ಪಟ್ಟಿಯಲ್ಲಿದೆ. ಈ ಎರಡೂ ಕಾಯ್ದೆಗಳನ್ನು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಒಳಗೊಂಡಿದೆ. ವಿದೇಶಿ ಮೂಲದ ಕಾರ್ಖಾನೆಗಳು ಬರೆದ ರಕ್ಷಣಾ ಯೋಜನೆ ಕೇಳುವುದಕ್ಕೆ ಇನ್ನೊಂದು ಕಾರಣ, ಬ್ರಿಟನ್ನಿನ 2005ರ ಎತ್ತರದ ಕೆಲಸದ ನಿಯಮಗಳಂಥವು ತುರ್ತು ರಕ್ಷಣೆಯನ್ನೂ ಮೊದಲೇ ಯೋಜಿಸಬೇಕೆಂದು ನೇರವಾಗಿ ಹೇಳುವುದು. 40 ಆಳಿನ ಸೈಟಿಗೆ 500ರ ನಿಯಮ ತಾಗದಿರಬಹುದು. ಗುರುತ್ವಕ್ಕೆ ಆ ವಿನಾಯಿತಿ ಗೊತ್ತಿಲ್ಲ.

ಬಾಡಿಗೆ ಗಾಡಿ, ಆಪರೇಟರೂ ಅವ್ರೇ. ಜವಾಬ್ದಾರಿ ಅವ್ರದ್ದೇ ತಾನೆ?

ಗಾಡಿಯ ತುರ್ತು ವ್ಯವಸ್ಥೆ ಸರಿಯಿರಬೇಕಾದದ್ದು, ಕೈಪಿಡಿ ಗಾಡಿಯಲ್ಲಿರಬೇಕಾದದ್ದು ಅವರ ಹೊಣೆ. ನೆಲ, ಲೈನು, ದಾರಿ, ಕೆಳಗಿನವನು ನಿಮ್ಮ ಹೊಣೆ. ಗಾಡಿ ಇಳಿಸಿಕೊಂಡು ಸಹಿ ಹಾಕುವ ಮುನ್ನ ನಿಮ್ಮ ಕಡೆಯ ಇಬ್ಬರಿಗೆ ನೆಲದಿಂದ ಇಳಿಸುವುದನ್ನು ಅವರ ಆಪರೇಟರ್ ತೋರಿಸಿಕೊಡಲಿ. ಅವನೇ ಮೇಲೆ ಹೋಗುವವನಾದ್ದರಿಂದ ಅವನೊಬ್ಬನಿಗೇ ಗೊತ್ತಿದ್ದು ಪ್ರಯೋಜನವಿಲ್ಲ.

ದಸರಾ ಲೈಟಿಂಗ್‌ಗೆ ರಸ್ತೆ ಮೇಲೇ ಲಿಫ್ಟ್ ನಿಲ್ಲಿಸ್ತೀವಿ. ಅಲ್ಲಿಗೆ ಬೇರೆ ಪ್ಲಾನ್ ಬೇಕಾ?

ಬೇಕು. ಸಯ್ಯಾಜಿರಾವ್ ರಸ್ತೆಯಂಥ ಕಡೆ ತೊಂದರೆ ಕೆಳಗಿನ ಜನ. ಕೋನುಗಳನ್ನು ಬೂಮ್ ತಿರುಗುವ ಪೂರ್ತಿ ಸುತ್ತಳತೆಗೆ ಇಡಿ, ಚಕ್ರದ ಸುತ್ತ ಮಾತ್ರ ಇಟ್ಟರೆ ತಿರುಗುವ ಹಿಂಭಾಗ ಬೈಕಿನವನಿಗೆ ಬಡಿಯುತ್ತದೆ. ಇಲ್ಲಿ ಕೆಳಗೆ ಇಬ್ಬರು ಬೇಕು: ಒಬ್ಬ ಪ್ಯಾನೆಲಿಗೆ, ಒಬ್ಬ ಜನಕ್ಕೆ. ಬಲ್ಬಿನ ಸರಗಳ ಕೆಲಸ ಸಂಜೆಗೆ ಜಾರುವುದರಿಂದ ಪ್ಯಾನೆಲಿನವನಿಗೆ ತಲೆದೀಪ ಇರಲಿ. ಬ್ಯಾಸ್ಕೆಟ್ಟಿನ ಕಂಬಿಗೆ ಸರ ಸುತ್ತಿದ್ದರೆ ಇಳಿಸುವಾಗ ಅದೇ ಬ್ಯಾಸ್ಕೆಟ್ಟನ್ನು ಮರಕ್ಕೆ ಕಟ್ಟಿಹಾಕುತ್ತದೆ. ಮೇಲೊಂದು ಕತ್ತರಿ ಇರಲಿ. ಗಾಳಿಯ ಮಿತಿ ಹೊರಾಂಗಣದ ಬಹುಪಾಲು ಲಿಫ್ಟುಗಳಿಗೆ ಸೆಕೆಂಡಿಗೆ 12.5 ಮೀಟರ್, ಅಂದರೆ ಗಂಟೆಗೆ 45 ಕಿಲೋಮೀಟರ್. ಬ್ಯಾನರು ಹಿಡಿದ ಬ್ಯಾಸ್ಕೆಟ್ ಹಾಯಿಯಂತಾಗುವುದರಿಂದ ಅದಕ್ಕೂ ಮೊದಲೇ ಇಳಿಯಬೇಕು. 'ಒಳಾಂಗಣಕ್ಕೆ ಮಾತ್ರ' ಎಂದಿರುವ ಸಿಸರ್ ಲಿಫ್ಟಿನ ಮಿತಿ ಸೊನ್ನೆ. ಆಷಾಢದ ಗಾಳಿಯಲ್ಲಿ ಶೆಡ್ಡಿನ ತೆರೆದ ಬಾಗಿಲಿನ ಬಳಿಯೂ ಅದನ್ನು ಎತ್ತಬೇಡಿ.

ಇಳಿಸಿದ್ವಿ, ಎಲ್ಲ ಸರಿ ಇದೆ. ಗಾಡಿ ಮತ್ತೆ ಓಡಿಸ್ಬಹುದಾ?

ಆ ದಿನ ಬೇಡ. ಸಿಸರಿನ ಇಳಿಕೆ ವಾಲ್ವು ಪೂರ್ತಿ ಮುಚ್ಚದಿದ್ದರೆ ಮುಂದಿನ ಸಲ ಎತ್ತಿದ ಪ್ಲಾಟ್‌ಫಾರ್ಮು ತಾನಾಗಿ ಕೆಳಗೆ ಜಾರುತ್ತದೆ. ಪಂಪಿನ ಬ್ಯಾಟರಿ ಅರ್ಧ ಖಾಲಿಯಾಗಿದೆ. ತೊಲೆಗೆ ಬಡಿದ ಬ್ಯಾಸ್ಕೆಟ್ಟಿನ ಬೆಸುಗೆಯಲ್ಲಿ ಸೀಳು ಇರಬಹುದು, ಮಟ್ಟ ಕಾಯುವ ಸಿಲಿಂಡರು ಬಾಗಿರಬಹುದು. ಕೀ ತೆಗೆದು, 'ಓಡಿಸಬೇಡಿ' ಎಂಬ ಚೀಟಿ ಕಟ್ಟಿ, ಕಂಪನಿಯ ಮೆಕ್ಯಾನಿಕ್ ನೋಡಿ ಸಹಿ ಹಾಕುವವರೆಗೆ ನಿಲ್ಲಿಸಿ. ಬಿದ್ದವನನ್ನು ಹಿಡಿದ ಹಾರ್ನೆಸ್ಸನ್ನೂ ಹಗ್ಗವನ್ನೂ ವಿಚಾರಣೆ ಮುಗಿಯುವವರೆಗೆ ಚೀಟಿ ಬರೆದು ಎತ್ತಿಡಿ, ಆಮೇಲೆ ತುಂಡು ತುಂಡಾಗಿ ಕತ್ತರಿಸಿ. ಇಡಿಯಾಗಿ ಕಸಕ್ಕೆ ಹಾಕಿದರೆ ಅದು ಇನ್ನೊಂದು ಸೈಟಿನಲ್ಲಿ ಯಾರದೋ ಬೆನ್ನ ಮೇಲೆ ಕಾಣಿಸಿಕೊಳ್ಳುತ್ತದೆ.